ಒಂದು ಸಾಲಿಗೆ ಒಂದು ಉಸಿರು

“ಇದರೊಳಗೆ ಇನ್ನೆಷ್ಟು ಉಸಿರು ಉಳಿದಿದೆಯೋ?”

ಅಡುಗೆಮನೆಯಲ್ಲಿ ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ. ಅಪೇಲು ಮೊಮ್ಮಗಳ ಉಬ್ಬಸದ ಮದ್ದಿನ ನೀಲಿ ಪಂಪನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ. ಒಳಗೆ ಏನೋ ಕುಲುಕಿತು. ಸಮೋವಾದ ತನ್ನೂರಿನಲ್ಲಿ ಬಲಿತ ತೆಂಗಿನಕಾಯನ್ನು ಅವನು ಹೀಗೆಯೇ ನೋಡುತ್ತಿದ್ದುದು. ಸದ್ದಿದ್ದರೆ ಮನೆಗೆ, ಇಲ್ಲದಿದ್ದರೆ ಹಂದಿಗೆ. ಸದ್ದಿದೆಯಲ್ಲ ಎಂಬ ಸಮಾಧಾನದಲ್ಲಿ ಪಂಪನ್ನು ಬಾಯಿಗಿಟ್ಟು ಎರಡು ಸಲ ಒತ್ತಿದ. ಎದೆ ಅಷ್ಟೇನೂ ಬಿಡಲಿಲ್ಲ. ಚಳಿ ಜಾಸ್ತಿ, ಅದಕ್ಕೇ ಇರಬೇಕು ಅಂದುಕೊಂಡ.

ತಿರುಗಿದರೆ ಬಾಗಿಲಲ್ಲಿ ಉಲಾ ನಿಂತಿದ್ದಳು. ಎಂಟು ವರ್ಷದ ಹುಡುಗಿ, ಕಂಬಳಿ ಹೊದ್ದುಕೊಂಡೇ ಎದ್ದು ಬಂದಿದ್ದಳು.

“ಅಮ್ಮಂಗೆ ಹೇಳಲ್ಲ, ತಾತ,” ಅಂದಳು, ಅವನು ಕೇಳುವ ಮೊದಲೇ.

ಅಳಿಯನ ಮಣ್ಣಿಗೆಂದು ಆಕ್ಲೆಂಡಿಗೆ ಬಂದವನು ಅಪೇಲು. ಮಗಳು ಪೆನೀನಾ ಬೆಳಗಾಗುವ ಮೊದಲೇ ವಿಮಾನ ನಿಲ್ದಾಣದ ನೆಲ ಒರೆಸಲು ಹೋಗುತ್ತಿದ್ದಳು, ಮಗುವಿಗೆ ಯಾರಾದರೂ ಬೇಕಿತ್ತು, ಹಾಗೆ ಉಳಿದುಬಿಟ್ಟ. ದೇಶದಲ್ಲಿ ಇರಲು ಕೊಟ್ಟಿದ್ದ ಕಾಗದದ ಗಡುವು ಮಾರ್ಚಿಗೇ ಮುಗಿದಿತ್ತು. ದವಾಖಾನೆಯಲ್ಲಿ ಮೊದಲು ಹೆಸರು ಕೇಳುತ್ತಾರೆ, ಆಮೇಲೆ ಕಾಗದ. ಎದೆ ಶಿಳ್ಳೆ ಹಾಕಿದಾಗಲೆಲ್ಲ ಅವನು ಶೀತವೆಂದು ಹೇಳಿಕೊಂಡು ತಿರುಗುತ್ತಿದ್ದ, ಪೆನೀನಾ ಕೆಲಸಕ್ಕೆ ಹೋದ ಮೇಲೆ ಮೊಮ್ಮಗಳ ಪಂಪು ಒತ್ತಿಕೊಳ್ಳುತ್ತಿದ್ದ.

ಬಾಡಿಗೆಮನೆಯ ದಕ್ಷಿಣದ ಗೋಡೆ ಚಳಿಗಾಲವಿಡೀ ಒಣಗುತ್ತಿರಲಿಲ್ಲ. ಪೆನೀನಾ ವಾರಕ್ಕೊಮ್ಮೆ ಕಪ್ಪು ಬೂಷ್ಟನ್ನು ಒರೆಸುವಳು, ಅದು ವಾರದೊಳಗೆ ಮತ್ತೆ ಹತ್ತುವುದು. ಹೀಟರು ಒಂದೇ ಆದ್ದರಿಂದ ಮೂವರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು. ಒಗೆದ ಬಟ್ಟೆಯೂ ಅಲ್ಲೇ ಒಣಗಬೇಕು. ಮನೆ ಮಾಲೀಕನಿಗೆ ಹೇಳಿದರೆ, ಕಿಟಕಿ ತೆಗೆದಿಡಿ ಅನ್ನುತ್ತಿದ್ದ.

ಅಲ್ಲೇ ಹೀಟರಿನ ಮುಂದೆ ಕೂತು ಅಪೇಲು ಉಲಾಳಿಗೆ ಬಿಳಿ ಭಾನುವಾರದ ಬಾಯಿಪಾಠ ಹೇಳಿಕೊಡುತ್ತಿದ್ದ. ಅಕ್ಟೋಬರಿನ ಆ ದಿನ ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು ಇಗರ್ಜಿಯ ಮುಂದೆ ನಿಂತು ದೇವರ ವಾಕ್ಯ ಒಪ್ಪಿಸಬೇಕು. ಅವನ ಊರಿನಲ್ಲಿ ಒಂದು ಸಾಲಿಗೆ ಒಂದು ಉಸಿರು. ನಡುವೆ ಉಸಿರು ತೆಗೆದವರು ಮೊದಲಿನಿಂದ ಹೇಳಬೇಕು. ಉಲಾಳಿಗೆ ಎರಡು ಸಾಲು ನೀರು ಕುಡಿದಷ್ಟು ಸಲೀಸು. ಮೂರನೆಯದರ ನಡುವೆಯೇ ಎದೆ ಕಟ್ಟುತ್ತಿತ್ತು.

ಅಡುಗೆಮನೆಯಲ್ಲಿ ತಾತನನ್ನು ಕಂಡ ದಿನವೇ, ಶಾಲೆಯಿಂದ ಬಂದ ಉಲಾ ಚೀಲ ಇಳಿಸಲಿಲ್ಲ. ಮೇಜು ಹಿಡಿದು ನಿಂತಳು, ಹೆಗಲೆರಡೂ ಕಿವಿಯ ತನಕ ಏರಿ ಇಳಿಯುತ್ತಿದ್ದವು. ಅಪೇಲು ಪಂಪು ತಂದುಕೊಟ್ಟ. ಒತ್ತಿದಳು. ಫುಸ್ ಅಂದಿತು. ಮತ್ತೆ ಒತ್ತಿದಳು, ಮತ್ತೆ. ಪ್ರತಿಸಲವೂ ಸದ್ದು ಬರುತ್ತಿತ್ತು, ಉಸಿರು ಬರುತ್ತಿರಲಿಲ್ಲ. ತುಟಿ ಬೂದಿಯ ಬಣ್ಣಕ್ಕೆ ತಿರುಗಿದಾಗ ಅವನು ಬರಿಗಾಲಿನಲ್ಲಿ ಪಕ್ಕದ ಮನೆಯ ವಾಯೋಲಾಳ ಬಾಗಿಲು ಬಡಿದ. ಆಂಬುಲೆನ್ಸಿಗೆ ಫೋನು ಮಾಡಿದವಳು ಅವಳೇ.

ನಾಲ್ಕು ದಿನ ಮಗುವಿನ ಗಂಟಲಲ್ಲಿ ಕೊಳವೆ ಇತ್ತು. ಅಪೇಲು ಆಸ್ಪತ್ರೆಯೊಳಗೆ ಹೋಗಲಿಲ್ಲ. ಹೊರಗಿನ ಬಸ್ ಸ್ಟಾಪಿನಲ್ಲಿ ಕೂತು, ತನಗೆ ಬರುವ ವಾಕ್ಯಗಳನ್ನೆಲ್ಲ ಹೇಳಿಕೊಂಡ. ಯಾವುದೂ ಒಂದೇ ಉಸಿರಿಗೆ ಮುಗಿಯಲಿಲ್ಲ.

ಉಲಾ ಮನೆಗೆ ಬಂದ ವಾರ, ಅವರದೇ ಭಾಷೆಯ ನರ್ಸೊಬ್ಬಳು ಬಂದಳು. ಗೋಡೆ ನೋಡಿ ಏನೋ ಬರೆದುಕೊಂಡಳು. ಹಳೆಯ ಪಂಪನ್ನು ಅಲ್ಲಾಡಿಸಿ, ಇದನ್ನು ನಂಬಬೇಡಿ, ಮದ್ದು ತೀರಿದ ಮೇಲೂ ಇದು ಕುಲುಕುತ್ತದೆ, ಫುಸ್ ಅನ್ನುತ್ತದೆ ಎಂದು ತಿಳಿಸಿ ಹೇಳಿದಳು. ಒಂದು ತಿಂಗಳು ಬರಬೇಕಾದದ್ದು ಇಷ್ಟು ಬೇಗ ಹೇಗೆ ಮುಗಿಯಿತು, ಬೇರೆ ಯಾರಾದರೂ ತೆಗೆದುಕೊಳ್ಳುತ್ತಾರಾ ಎಂದು ಕೇಳಿದಳು.

ಯಾರೂ ಇಲ್ಲ ಅಂದಳು ಪೆನೀನಾ. ಆಮೇಲೆ ಮಗಳ ಕಡೆ ತಿರುಗಿದಳು.

“ಆಟ ಆಡಿ ಖಾಲಿ ಮಾಡಿದ್ಯೇನೇ?”

ಉಲಾ ತಾತನನ್ನು ನೋಡಿದಳು. ಆಮೇಲೆ ಗೋಡೆಯ ಬೂಷ್ಟನ್ನು ನೋಡಿದಳು.

“ಹೂಂ,” ಅಂದಳು.

ಅಪೇಲುವಿನ ನಾಲಿಗೆಯ ತುದಿಗೆ ಮಾತು ಬಂದಿತ್ತು. ನರ್ಸಿನ ಕೈಯಲ್ಲಿ ಪೆನ್ನಿತ್ತು, ತೊಡೆಯ ಮೇಲೆ ಕಾಗದವಿತ್ತು. ಮಾತು ಅಲ್ಲೇ ನಿಂತಿತು. ಪೆನೀನಾ ಮಗುವನ್ನು ಬೈದಳು, ಬೈಯುತ್ತ ಅತ್ತಳು. ನರ್ಸು ಹೊಸ ಪಂಪಿಗೆ ದಾರ ಕಟ್ಟಿ ಉಲಾಳ ಕೊರಳಿಗೆ ಹಾಕಿದಳು. ಜೊತೆಗೊಂದು ಚೀಟಿ. ಪ್ರತಿ ಸಲ ಒತ್ತಿದಾಗಲೂ ಅದರಲ್ಲಿ ಒಂದು ಗೀಟು ಹಾಕಬೇಕು.

ಅಂದಿನಿಂದ ಅಪೇಲು ಆ ದಾರದ ಕಡೆ ಕಣ್ಣೆತ್ತಲಿಲ್ಲ. ಬೆಳಗಿನ ಹೊತ್ತು ಬಿಸಿನೀರು ಕುಡಿದು, ಮೆಟ್ಟಿಲ ಮೇಲೆ ಮುಂದಕ್ಕೆ ಬಾಗಿ ಕೂತು, ಎದೆ ತಾನಾಗಿ ಬಿಡುವ ತನಕ ಕಾಯುತ್ತಿದ್ದ.

ಬಿಳಿ ಭಾನುವಾರ ಮಳೆ. ಪಾದ್ರಿಯ ಹೆಂಡತಿ ಉಲಾಳ ಪಾಠವನ್ನು ಎರಡು ಸಾಲಿಗೆ ಇಳಿಸಿದ್ದಳು. ಉಲಾ ಎರಡನ್ನೂ ಹೇಳಿ, ಇಳಿದು ಬರದೆ, ಮೂರನೆಯದನ್ನೂ ಹಿಡಿದಳು. ನಡುವೆ ಉಸಿರು ತುಂಡಾಯಿತು. ಅವಳ ಕಣ್ಣು ಬೆಂಚುಗಳ ನಡುವೆ ತಾತನನ್ನು ಹುಡುಕಿತು. ಮೊದಲಿನಿಂದ ಹೇಳಲೋ? ಅಪೇಲು ತಲೆಯಾಡಿಸಿದ, ಬೇಡ, ಅಲ್ಲಿಂದಲೇ ಹೇಳು ಎಂದು. ಅವಳು ಹೇಳಿ ಮುಗಿಸಿದಳು.

ಬಂದು ಅವನ ಪಕ್ಕದಲ್ಲೇ ಕೂತಳು. ಅವನ ಎದೆಯ ಶಿಳ್ಳೆ ಹಿಂದಿನ ಬೆಂಚಿಗೂ ಕೇಳುತ್ತಿತ್ತು.

“ಏನ್ ದೊಡ್ಡಪ್ಪ, ಹಡಗು ಊರಿಗೆ ಹೊರಟ ಹಾಗಿದೆ,” ಅಂದಳು ಹಿಂದಿನಿಂದ ವಾಯೋಲಾ. ಸುತ್ತಲಿನವರು ಬಾಯಿಗೆ ಬೀಸಣಿಗೆ ಅಡ್ಡ ಹಿಡಿದು ನಕ್ಕರು. ಅಪೇಲುವೂ ನಗಲು ಹೋದ, ಆಗಲಿಲ್ಲ.

ಉಲಾ ಕೊರಳಿನ ದಾರ ತೆಗೆದಳು. ಪಂಪನ್ನು ಹಾಡಿನ ಪುಸ್ತಕದ ಕೆಳಗೆ ಮರೆಮಾಡಿ, ಹಿರಿಯರಿಗೆ ಕೊಡುವ ಹಾಗೆ ಎರಡೂ ಕೈಯಲ್ಲಿ ಅವನ ಮುಂದೆ ಚಾಚಿದಳು. ಹಾಗೆ ಚಾಚಿದ್ದನ್ನು ಅವರಲ್ಲಿ ಯಾರೂ ತಳ್ಳುವುದಿಲ್ಲ, ಒಣ ಗೆಣಸಿನ ಚೂರಾದರೂ ಸರಿ. ಅಪೇಲು ಹುಟ್ಟಿದಂದಿನಿಂದ ತಳ್ಳಿದವನಲ್ಲ.

“ಹೊಸದು ತಾತ, ತುಂಬಿದೆ. ಒಂದೇ ಒಂದು ಸಲ ತಗೋ,” ಅಂದಳು ಪಿಸುದನಿಯಲ್ಲಿ. “ಗೀಟು ನನ್ನ ಲೆಕ್ಕಕ್ಕೇ ಹಾಕ್ಕೋತೀನಿ.”

ಅವನು ದಾರವನ್ನು ಬಿಡಿಸಿ ಮತ್ತೆ ಅವಳ ಕೊರಳಿಗೆ ಹಾಕಿದ. ಬೆನ್ನ ಮೇಲೆ ಸಿಕ್ಕಿಕೊಂಡಿದ್ದ ಕೂದಲನ್ನು ದಾರದ ಹೊರಗೆ ಎಳೆದ. ಅವಳ ಕೈ ಇನ್ನೂ ಚಾಚಿಯೇ ಇತ್ತು.

“ತಾತ, ನಂಗೋಸ್ಕರ.”

ಅಪೇಲು ಮುಂದಿನ ಬೆಂಚನ್ನು ಬಿಗಿಯಾಗಿ ಹಿಡಿದು, ಇದ್ದಷ್ಟು ಗಾಳಿಯನ್ನೆಲ್ಲ ಒಟ್ಟು ಮಾಡಿ, ನಡುವೆ ಎಲ್ಲೂ ತುಂಡಾಗದ ಹಾಗೆ ಹೇಳಿದ:

“ಇಲ್ಲ ಮಗಳೇ, ನಾನು ತಗೊಳ್ಳೋದಿಲ್ಲ.”