ಎರವಲು ತಂದ ಏಣಿ

ಮಾವ ತೀರಿಕೊಂಡ ಮೇಲೆ ನೆಂಟರಿಲ್ಲದ ಮೊದಲ ಬೆಳಗು ಅದು. ನಲ್ಲಿಯಲ್ಲಿ ನೀರು ಬಂತು, ಹಾಲು ಉಕ್ಕಿತು, ಯಾರೂ ಅಳಲಿಲ್ಲ. ಸೊಸೆ ಒಲೆ ಒರೆಸಿದಳು. ಇನ್ನು ಪಾಠ ಹೇಳಲು ಬರುವುದಿಲ್ಲವೆಂದು ಶಾಲೆಗೆ ಇವತ್ತು ಹೇಳಿಕಳಿಸಬೇಕು ಎಂದುಕೊಂಡಿದ್ದಳು. ಹೊಸ್ತಿಲು ಮತ್ತೆ ದಾಟಲಾರದಷ್ಟು ಎತ್ತರವಾದಂತಿತ್ತು.

ಅತ್ತೆ ಕಾಫಿ ಲೋಟ ಹಿಡಿದುಕೊಂಡೇ ಮಾವನ ಮರಗೆಲಸದ ಕೋಣೆಯ ಬಾಗಿಲು ತೆಗೆದರು. ಗೋಡೆಗೊರಗಿದ್ದ, ಮೈತುಂಬ ಬಣ್ಣ ಸಿಡಿದ ಏಣಿ ನೋಡಿ ನಿಂತುಬಿಟ್ಟರು.

"ಪೇಂಟರ್ ಏಣಿ. ಹೋಗೋವಾಗ್ಲೂ ಇನ್ನೊಬ್ರ ಸಾಮಾನು ಇಟ್ಕೊಂಡೇ ಹೋದ್ರು ನಿಮ್ಮಾವ."

ಎರವಲು ತರುವ ಚಾಳಿ ಮಾವನಿಗೆ ಅಂಟಿದ್ದು ಎರಡು ವರ್ಷದ ಹಿಂದೆ, ಮಗ ತೀರಿಕೊಂಡ ಮೇಲೆ. ಆಗ ಸೊಸೆ ಓದಿದ್ದನ್ನೆಲ್ಲ ಮಡಿಸಿಟ್ಟು ಒಳಗೆ ಕೂತಿದ್ದಳು; ಬೀದಿಯ ಕಡೆಯ ಕಿಟಕಿಯನ್ನೂ ತೆರೆಯುತ್ತಿರಲಿಲ್ಲ. ಅತ್ತೆ ಮಾವನೂ ಮಗನನ್ನು ಕಳೆದುಕೊಂಡವರೇ ಎಂಬುದು ಆಗ ಅವಳಿಗೆ ಹೊಳೆದೇ ಇರಲಿಲ್ಲ. ಮಾವ ಮಾತ್ರ ಒಂದು ದಿನ ಟೈಲರ್ ಹತ್ತಿರ ಕತ್ತರಿ ತಂದರು, ಇನ್ನೊಂದು ದಿನ ಬೇಕರಿಯಿಂದ ತಟ್ಟೆ. ಹಿಂತಿರುಗಿಸುವ ಹೊತ್ತು ಬಂತೋ, ಮೊಣಕಾಲು ಹಿಡಿದುಕೊಳ್ಳುತ್ತಿತ್ತು: ಒಂಚೂರು ಕೊಟ್ಟು ಬಾಮ್ಮ. ತರೋವಾಗ ಕುದುರೆ, ಕೊಡೋವಾಗ ಕುಂಟ ಎಂದು ಅತ್ತೆ ಆಡಿಕೊಳ್ಳುತ್ತಿದ್ದರು. ಮೇಸ್ತ್ರಿಯಾಗಿ ಸುತ್ತಿಗೆ ಬೇಡೋಕೆ ಹೋಗ್ತೀರಲ್ಲ, ಮಾನ ಹೋಯ್ತು ಎಂದು ಬೀದಿಗೆ ಕೇಳುವಂತೆ ಬೈಯುತ್ತಿದ್ದರು. ಆ ಬೈಗುಳ ತಪ್ಪಿಸಲೆಂದೇ ಸೊಸೆ ಚಪ್ಪಲಿ ಮೆಟ್ಟುತ್ತಿದ್ದಳು. ಟೈಲರ್ ಹೆಂಡತಿ ಕೂರಿಸಿಕೊಂಡು ಹರಟಿದಳು. ಛತ್ರಿ ಕೊಡಲು ಹೋದ ದಿನ ಎದುರು ಬೀದಿಯ ಟೀಚರಮ್ಮ, ನಮ್ಮ ಶಾಲೆಗೆ ಪಾಠ ಹೇಳಲು ಬರ್ತೀಯಾ ಎಂದು ಕೇಳಿದರು. ಹಾಗೆ ಸಿಕ್ಕಿದ್ದು ಆ ಕೆಲಸ.

"ಫೋನ್ ಮಾಡಿದರೆ ಪೇಂಟರೇ ಬಂದು ಒಯ್ತಾನೆ," ಎಂದಳು ಸೊಸೆ.

ಹಾಗೆಂದು ಅವಳೇ ಏಣಿಯನ್ನು ಬಾಗಿಲ ಬಳಿಗೆ ಸರಿಸಲು ಹೋದಳು. ಹಿಂದಿನ ಗೋಡೆಯಲ್ಲಿ, ಎರಡು ಗೂಟಗಳ ಮೇಲೆ, ಮಾವನದೇ ಏಣಿ ಅಡ್ಡಡ್ಡ ಮಲಗಿತ್ತು. ಇದಕ್ಕಿಂತ ಉದ್ದ, ಇದಕ್ಕಿಂತ ಗಟ್ಟಿ. ದಿನಾ ಕಸ ಗುಡಿಸುವಾಗ ನೋಡುತ್ತಿದ್ದದ್ದೇ. ಛತ್ರಿಯೂ ಮನೆಯಲ್ಲಿ ಮೂರಿದ್ದವು.

ಅವಳು ತಿರುಗಿ ನೋಡಿದಳು. "ಅತ್ತೆ, ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಬೈಯೋ ಕೆಲಸ ನನಗೇ ವಹಿಸಿದ್ರಲ್ಲ." ಅತ್ತೆ ಲೋಟ ಕೆಳಗಿಟ್ಟು ಸೆರಗು ಸಿಕ್ಕಿಸಿದರು. "ಆ ತುದಿ ಹಿಡ್ಕೋ."

ಇಬ್ಬರೂ ಏಣಿ ಹೊತ್ತು ಬೀದಿಗಿಳಿದರು. ತಿರುವಿನಲ್ಲಿ ಅತ್ತೆ ಹೇಳದೆ ಕೇಳದೆ ತಿರುಗಿದ್ದಕ್ಕೆ ಏಣಿಯ ಬಾಲ ಟೈಲರ್ ಅಂಗಡಿಯ ಬೋರ್ಡಿಗೆ ಬಡಿಯಿತು. ಅತ್ತೆ ಸೊಸೆ ಸೇರಿ ಅಂಗಡಿ ಕಿತ್ಕೊಂಡು ಹೋಗ್ತೀರಾ ಹೇಗೆ ಎಂದು ಟೈಲರ್ ನಕ್ಕು, ಆಮೇಲೆ ಸಾವಾದ ಮನೆಯವರೆಂದು ನೆನಪಾಗಿ, ತಲೆಬಾಗಿಸಿದ.

ಪೇಂಟರ್ ಮೇಜಿನ ಮೇಲೆ ಡ್ರಮ್ ಇಟ್ಟು, ಅದರ ಮೇಲೆ ತುದಿಗಾಲಲ್ಲಿ ನಿಂತು, ಬೀದಿ ಕೊನೆಯ ಮಳಿಗೆಯ ಮೇಲ್ಗೋಡೆಗೆ ಬಣ್ಣ ಬಳಿಯುತ್ತಿದ್ದ. ಇವರನ್ನು ಕಂಡು ಜಾಗ್ರತೆಯಾಗಿ ಇಳಿದ.

"ಬಿದ್ದಿದ್ರೆ ಏನು ಗತಿ?" ಎಂದಳು ಸೊಸೆ. "ಬಂದು ತಗೊಂಡು ಹೋಗಬಾರದಿತ್ತಾ?"

"ಬರಬೇಡ ಅಂದಿದ್ರಲ್ಲಮ್ಮ ಮೇಸ್ತ್ರಿಗಳು. ಎಷ್ಟು ದಿನ ಆದ್ರೂ ಸರಿ, ನಮ್ಮ ಹುಡುಗೀನೇ ತಂದು ಕೊಡ್ತಾಳೆ, ಅಲ್ಲೀತನಕ ಕಾಯಿ ಅಂದಿದ್ರು."

ಸೊಸೆ ಏಣಿಯನ್ನು ಗೋಡೆಗೆ ಆನಿಸಿ, ಅದರ ಕಾಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಪೇಂಟರ್ ಡಬ್ಬಿ ಹಿಡಿದು ಹತ್ತತೊಡಗಿದ.

"ಅತ್ತೆ, ನಾನು ಇಲ್ಲಿಂದಲೇ ಶಾಲೆಗೆ ಹೋಗಿಬಿಡ್ತೀನಿ."

"ಹೋಗು. ಮನೆಗೆ ನಡೆಯೋಕೆ ನನ್ನ ಮೊಣಕಾಲು ಚೆನ್ನಾಗೇ ಇದೆ."

ಪೇಂಟರ್ ಮೇಲೆ ನಿಂತು ಬ್ರಷ್ ಅದ್ದಿದ. ಸೊಸೆ ಏಣಿ ಬಿಟ್ಟಳು.