ನೆಲ ಡೊಂಕು

ಸಾವಿರ ಸೈನಿಕರು ಕೋಟೆ ಬಾಗಿಲಿಗೆ ಬಂದು ನಿಂತ ಹೊತ್ತಿಗೆ ಸರಿಯಾಗಿ ರುದ್ರಾಣಿಯ ಕಂಪ್ಯೂಟರ್ ಕಲ್ಲಾಗಿಬಿಡುತ್ತಿತ್ತು. ಎತ್ತಿದ ಕತ್ತಿ ಎತ್ತಿದಂತೆ, ಬಿಟ್ಟ ಬಾಣ ಗಾಳಿಯಲ್ಲಿ ಹಾಗೇ. ಹತ್ತೆಣಿಸಿದ ಮೇಲೆ ಪರದೆಗೆ ಮತ್ತೆ ಜೀವ ಬರುತ್ತಿತ್ತು. ಅಷ್ಟರಲ್ಲಿ ಬಾಗಿಲು ಮುರಿದು, ಕಣಜಕ್ಕೆ ಬೆಂಕಿ ಬಿದ್ದು, ಫೋನಿನಲ್ಲಿ ತಿ. ನರಸೀಪುರದಿಂದ ತಮ್ಮ ನಂಜುಂಡೇಶನ ನಗು ಕೇಳುತ್ತಿತ್ತು.

"ಹೋಯ್ತಕ್ಕ ನಿನ್ ರಾಜ್ಯ!"

"ನಂದು ನಿಂತೋಯ್ತು ಕಣೋ. ಸ್ಟ್ರಕ್ ಆಯ್ತು."

"ಕುಣಿಯಕ್ ಬರ್ದೋಳು ನೆಲ ಡೊಂಕು ಅಂದ್ಲಂತೆ."

ಎರಡು ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನವೂ ಇದೇ ಕಥೆ. ರುದ್ರಾಣಿ ಅಂಗನವಾಡಿ ಮೇಲ್ವಿಚಾರಕಿಯಾಗಿದ್ದವಳು. ಹೆಮ್ಮರಗಾಲ, ಹದಿನಾರು, ಅದರಾಚೆಯ ಹಳ್ಳಿಗಳೆಂದು ಮೂವತ್ತು ವರ್ಷ ಬೇಳೆ, ಬೆಲ್ಲ, ಮೊಟ್ಟೆಗಳ ದಾಸ್ತಾನು ನೋಡಿಕೊಂಡು ತಿರುಗಿದ್ದಳು. ಒಂದು ಶುಕ್ರವಾರ ಹಾರ ಹಾಕಿ ಕಳಿಸಿದರು. ಸೋಮವಾರ ಬೆಳಗ್ಗೆ ಎಂಟಕ್ಕೇ ಸೀರೆ ಉಟ್ಟು ತಯಾರಾದವಳು ಎಲ್ಲಿಗೆ ಹೋಗುವುದೆಂದು ತಿಳಿಯದೆ ನಡುಮನೆಯಲ್ಲಿ ನಿಂತಿದ್ದಳು. ಮಗಳು ನಯನ ಅದನ್ನು ನೋಡಿದಳು. ನಂಜನಗೂಡಿನ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಅವಳಿಗೆ. ಡಿಪ್ಲೊಮಾ ಓದುವಾಗ ಕೊಂಡಿದ್ದ ತನ್ನ ಹಳೆಯ ಕಂಪ್ಯೂಟರಿನ ಮುಂದೆ ಅಮ್ಮನನ್ನು ಕೂರಿಸಿ ಈ ಆಟ ತೋರಿಸಿಕೊಟ್ಟಳು. ಹೊಲ ಉಳಬೇಕು, ಕಣಜ ತುಂಬಬೇಕು, ಊರು ಕಟ್ಟಬೇಕು, ಸೈನ್ಯ ಸಾಕಬೇಕು, ಪಕ್ಕದ ರಾಜನ ಮೇಲೆ ಒಂದು ಕಣ್ಣಿಟ್ಟಿರಬೇಕು.

"ಇಷ್ಟು ದಿನ ನಾನು ಮಾಡಿದ್ದು ಇದೇ ಅಲ್ವೇನೆ!" ಎಂದಿದ್ದಳು ರುದ್ರಾಣಿ.

ಪಕ್ಕದ ರಾಜ ಬೇಕಲ್ಲ? ತಮ್ಮನಿಗೂ ಹುಚ್ಚು ಹಿಡಿಸಿದಳು. ನಂಜುಂಡೇಶ ತನ್ನ ಗೊಬ್ಬರದ ಅಂಗಡಿಗೆ ಬಿಲ್ ಹಾಕಲೆಂದು ಹೊಸ ಕಂಪ್ಯೂಟರ್ ತಂದ. ಬಿಲ್ಲನ್ನು ಈಗಲೂ ಕೈಯಲ್ಲೇ ಬರೆಯುತ್ತಾನೆ.

ಸೋಲಿನ ಮಾತು ಬಂದಾಗಲೆಲ್ಲ ರುದ್ರಾಣಿ ತಪ್ಪನ್ನು ಕಂಪ್ಯೂಟರಿನ ಮೇಲೇ ಹಾಕುತ್ತಿದ್ದಳು. ಆದರೆ ಒಳಗೊಳಗೇ ಒಂದು ಅಳುಕಿತ್ತು. ಕನ್ನಡಕದ ನಂಬರು ಏರಿದೆ. ಸೂಜಿಗೆ ದಾರ ಪೋಣಿಸಲು ಮೂರು ಸಲ ಬೇಕು. ನಿಧಾನವಾಗಿರುವುದು ಅದೋ, ತಾನೋ?

"ಅಮ್ಮ, ಈ ಸಲ ಬೋನಸ್ ಬಂದಿದೆ. ಅದನ್ನ ಸರಿ ಮಾಡೇ ಬಿಡ್ತೀನಿ," ಎಂದಳು ನಯನ ಒಂದು ದಿನ. "ಆದ್ರೆ ಆಮೇಲೂ ಸೋತ್ರೆ ಏನಂತೀಯ?"

ರುದ್ರಾಣಿ ಅವರೆಕಾಯಿ ಸುಲಿಯುತ್ತಿದ್ದಳು. ನಾಲ್ಕೈದು ಕಾಯಿ ಸುಲಿದಳು. ಆಮೇಲೆ, "ಮಾಡು," ಎಂದಳು.

ನಯನ ನೆಲದ ಮೇಲೆ ಹಳೇ ಸೀರೆ ಹಾಸಿ ಕಂಪ್ಯೂಟರಿನ ಹೊಟ್ಟೆ ಬಿಚ್ಚಿದಳು. ಮೇಲೆ ಕೂತಿದ್ದ ಬಿಳಿ ಧೂಳನ್ನು ಬಟ್ಟೆಯಲ್ಲಿ ಒರೆಸಿದಳು. ನಾಲ್ಕು ಜಿಬಿ ರ‍್ಯಾಮ್ ಇದ್ದ ಕಡೆ ಹದಿನಾರು ಕೂರಿಸಿದಳು. ಗರಗರ ಎನ್ನುತ್ತಿದ್ದ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದಳು. ಯಾರೋ ಬಳಸಿ ಮಾರಿದ, ಇನ್ನೂ ಗಟ್ಟಿಮುಟ್ಟಾಗಿದ್ದ ಗ್ರಾಫಿಕ್ಸ್ ಕಾರ್ಡನ್ನು ಅದರ ಜಾಗಕ್ಕೆ ಒತ್ತಿದಳು. ಮೊದಲೆಲ್ಲ ಸ್ವಿಚ್ ಒತ್ತಿ, ಅನ್ನಕ್ಕಿಟ್ಟು ಬಂದರೂ ಅದು ಏಳುತ್ತಿರಲಿಲ್ಲ. ಈಗ ರುದ್ರಾಣಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಎದ್ದು ಕೂತಿತ್ತು.

ಆಟ ತೆರೆದಳು. ಹೊಳೆಯ ನೀರು ಮಿನುಗುತ್ತಿದೆ. ಮನೆಮನೆಯ ಮೇಲೂ ಹೊಗೆ. ಹತ್ತಿರಕ್ಕೆಳೆದು ನೋಡಿದರೆ ಉಳುವವನೊಬ್ಬ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದಾನೆ.

"ನಯನಾ, ಬಾರೇ ಇಲ್ಲಿ! ಇವ್ನಿಗೆ ಮೀಸೆ ಐತೆ ಕಣೆ! ಎರಡು ವರ್ಷದಿಂದ ಸಾಕ್ತಿದೀನಿ, ಮುಖಾನೇ ನೋಡಿರ್ಲಿಲ್ಲ!"

ಆ ಭಾನುವಾರ ಮೊದಲ ಅರ್ಧ ಗಂಟೆ ನೀರು ಹರಿದಂತೆ ಹೋಯಿತು. ತಮ್ಮನ ಸೈನ್ಯ ಬಂತು. ಬಾಗಿಲನ್ನು ಮುತ್ತಿತು. ಪರದೆ ಕಲ್ಲಾಯಿತು.

"ಹೊಸಾ ನೆಲಾನೂ ಡೊಂಕೇನಕ್ಕ?"

ರುದ್ರಾಣಿ ಫೋನ್ ಇಟ್ಟಳು. ಬೈಯಲೂ ಇಲ್ಲ. "ಬಿಡೆ, ಎಲ್ಲ ಹೊಸದು ಹಾಕಿದ್ರೂ ನಿಲ್ಲುತ್ತೆ ಅಂದ್ರೆ ತಪ್ಪು ಯಂತ್ರದ್ದಲ್ಲ. ನನ್ ಕೈದೇ," ಎಂದು ಕಾಫಿ ಲೋಟ ತೊಳೆಯಲು ಹೋದಳು. ಅಷ್ಟು ಸಪ್ಪೆ ದನಿಯನ್ನು ನಯನ ನಿವೃತ್ತಿಯ ದಿನವೂ ಕೇಳಿರಲಿಲ್ಲ.

ಲ್ಯಾಬಿನವಳು, ಅಳೆಯದೆ ಒಪ್ಪುವವಳಲ್ಲ. ಬಿಸಿ ತೋರಿಸುವ ಸಾಫ್ಟ್‌ವೇರ್ ಹಾಕಿ ಆಟ ಓಡಲು ಬಿಟ್ಟಳು. ಐವತ್ತೈದು ಡಿಗ್ರಿಯಿಂದ ಹತ್ತಿದ್ದು ಅರ್ಧ ಗಂಟೆಗೆ ತೊಂಬತ್ತೆಂಟು. "ಅಮ್ಮ, ಇದಕ್ಕೆ ಜ್ವರ! ಇಷ್ಟು ಬಿಸಿಯಾದ್ರೆ ಪ್ರೊಸೆಸರ್ರು ಸುಟ್ಟೋಗ್ಬಾರ್ದು ಅಂತ ತಾನೇ ನಿಧಾನ ಆಗುತ್ತೆ. ನಿನ್ ಕೈ ನೆಟ್ಟಗೇ ಇದೆ."

"ನಿಜವಾಗ್ಲೂ?"

"ಪ್ರೇಮ್‌ಕುಮಾರ್ ಹತ್ರ ತೋರಿಸೋಣ."

ಪ್ರೇಮ್‌ಕುಮಾರ್ ಅವಳ ಡಿಪ್ಲೊಮಾ ಸಹಪಾಠಿ. ತಿ. ನರಸೀಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ತೊಡಕೆಂದರೆ ಅದು ನಂಜುಂಡೇಶನ ಗೊಬ್ಬರದಂಗಡಿಯ ಬೀದಿಯಲ್ಲೇ ಇತ್ತು. ಅವನಿಗೆ ಗೊತ್ತಾಗಬಾರದೆಂದು ಶನಿವಾರ ತಾಯಿ ಮಗಳು ಕಂಪ್ಯೂಟರಿಗೆ ಟವಲ್ ಸುತ್ತಿಕೊಂಡು ಬಸ್ ಹತ್ತಿದರು. ರುದ್ರಾಣಿ ಅದನ್ನು ಮೊಮ್ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡಳು.

"ಇದಕ್ಕೆ ಲಗೇಜ್ ಟಿಕೆಟ್ ತಗೋಬೇಕಮ್ಮ," ಎಂದ ಕಂಡಕ್ಟರ್.

"ಹೆಂಗಸ್ರಿಗೆ ಫ್ರೀ ಅಲ್ವೇನಪ್ಪ?"

"ನಿಮಗೆ ಫ್ರೀ. ಇದರದ್ದು ಆಧಾರ್ ಕಾರ್ಡ್ ತೋರ್ಸಿ, ಇದಕ್ಕೂ ಫ್ರೀ ಮಾಡ್ತೀನಿ."

ಬಸ್ಸೆಲ್ಲ ನಕ್ಕಿತು. ರುದ್ರಾಣಿಯೂ ನಕ್ಕು ಟಿಕೆಟ್ ತೆಗೆದುಕೊಂಡಳು.

ಗುಟ್ಟು ಹತ್ತು ನಿಮಿಷವೂ ಉಳಿಯಲಿಲ್ಲ. ಪ್ರೇಮ್‌ಕುಮಾರ್ ಸ್ಕ್ರೂ ಬಿಚ್ಚುವುದರೊಳಗೆ ನಂಜುಂಡೇಶ ಬಾಗಿಲಲ್ಲಿದ್ದ. "ನಿಮ್ಮಕ್ಕ ಟವಲ್ ಸುತ್ಕೊಂಡು ಏನೋ ಹೊತ್ಕೊಂಡೋದ್ರು ಅಂತ ಬೀದಿಯೆಲ್ಲ ಹೇಳ್ತಾವ್ರೆ. ನೆಲ ಸರಿ ಮಾಡ್ಸಕ್ ಬಂದ್ಯೇನಕ್ಕ?"

"ಬಾಯ್ಮುಚ್ಕೊಂಡು ನಿಂತ್ಕೊಳೋ."

ಪ್ರೇಮ್‌ಕುಮಾರ್ ಪ್ರೊಸೆಸರಿನ ಮೇಲಿನ ಚಿಕ್ಕ ಫ್ಯಾನನ್ನು ಬಿಚ್ಚಿ ತೆಗೆದ. ಅದರಡಿಯ ಲೋಹದ ಪಟ್ಟಿಗಳ ನಡುವೆ ಗಾಳಿ ಆಡಬೇಕು, ಬಿಸಿಯೆಲ್ಲ ಅಲ್ಲಿಂದಲೇ ಹೊರಗೆ ಹೋಗಬೇಕು. ಅಲ್ಲಿ ಸಂದೇ ಇರಲಿಲ್ಲ. ಯಾರೋ ಗಾರೆ ಮೆತ್ತಿದ ಹಾಗಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಮೀಟಿದರೆ ಬಿಳಿಯ ಹಕ್ಕಳೆಯೊಂದು ಪೇಪರಿನ ಮೇಲೆ ಬಿತ್ತು. ಅವನು ಬೆರಳಲ್ಲಿ ಉಜ್ಜಿದ, ಮೂಸಿದ.

"ಮೇಡಮ್ಮೋರೇ, ತಪ್ಪು ತಿಳ್ಕೋಬೇಡಿ. ಇದು ಧೂಳಲ್ಲ, ವಿಭೂತಿ."

ಎಲ್ಲರೂ ರುದ್ರಾಣಿಯ ಕಡೆ ನೋಡಿದರು. ರುದ್ರಾಣಿ ತನ್ನ ಬಲಗೈಯ ಮೂರು ಬೆರಳು ನೋಡಿಕೊಂಡಳು.

ದಿನಾ ಬೆಳಗ್ಗೆ ಪೂಜೆ ಮುಗಿದ ಮೇಲೆ ಬೆರಳಲ್ಲಿ ಉಳಿದ ವಿಭೂತಿಯನ್ನು ಅವಳು ದಂಡ ಮಾಡುವುದಿಲ್ಲ. ಗ್ಯಾಸ್ ಒಲೆಗೆ, ಮಿಕ್ಸಿಗೆ, ಫ್ರಿಜ್ಜಿಗೆ, ಮೋಟಾರಿನ ಸ್ವಿಚ್ಚಿಗೆ. ಮನೆಗಾಗಿ ದುಡಿಯುವುದಕ್ಕೆಲ್ಲ ಮೂರು ಗೆರೆ. ಕೊನೆಗೆ, ಮಗಳನ್ನು ಓದಿಸಿದ ಕಂಪ್ಯೂಟರಿಗೆ. ಅದರ ಮುಖದ ಮೇಲೆ ಸಣ್ಣಸಣ್ಣ ತೂತುಗಳ ಜಾಲರಿ. ಜಾಲರಿಯ ಹಿಂದೆ ಗಾಳಿ ಎಳೆಯುವ ಫ್ಯಾನು. ಹೀಗೆ ಹನ್ನೆರಡು ವರ್ಷ. ಆ ಗೆರೆಗಳನ್ನು ನಯನ ದಿನಾ ನೋಡಿದ್ದಳು. ಅದು ಕಂಪನಿಯಿಂದಲೇ ಹಾಗೆ ಬಂದಿದೆಯೇನೋ ಎನ್ನುವಷ್ಟು ರೂಢಿಯಾಗಿತ್ತು.

"ಅಕ್ಕ," ಎಂದ ನಂಜುಂಡೇಶ ಮೆಲ್ಲಗೆ, "ಮಠದಲ್ಲೂ ಇಷ್ಟೊಂದು ಸ್ಟಾಕ್ ಇಡಲ್ಲ ಕಣಕ್ಕ."

ಮೊದಲು ನಕ್ಕಿದ್ದು ರುದ್ರಾಣಿಯೇ. ಬಾಯಿಗೆ ಸೆರಗು ಒತ್ತಿ ನಕ್ಕಳು. ಆಮೇಲೆ ಸೆರಗು ಬಿಟ್ಟು ನಕ್ಕಳು. ಅಂಗಡಿಯ ಮುಂದೆ ಪ್ರೇಮ್‌ಕುಮಾರ್ ಬ್ಲೋವರ್ ಹಿಡಿದಾಗ ಬೀದಿಗೆ ಬೆಳ್ಳನೆಯ ಮೋಡ ಎದ್ದಿತು. ಎದುರಿಗೆ ನಿಂತಿದ್ದ ನಂಜುಂಡೇಶ ಮೀಸೆ ಹುಬ್ಬೆಲ್ಲ ಬೆಳ್ಳಗಾಗಿ ಕೆಮ್ಮಿದ. ಹೋಗುತ್ತಿದ್ದ ಮುದುಕರೊಬ್ಬರು ನಿಂತು ಕೈಮುಗಿದು ಮುಂದೆ ಹೋದರು.

ಪ್ರೊಸೆಸರಿಗೆ ಬಿಸಿ ಇಳಿಸುವ ಹೊಸ ಪೇಸ್ಟ್ ಹಚ್ಚಿ, ಎಲ್ಲ ಜೋಡಿಸಿ ಓಡಿಸಿದರು. ಒಂದು ಗಂಟೆ ಕಳೆದರೂ ಅರವತ್ತೈದು ಡಿಗ್ರಿ ದಾಟಲಿಲ್ಲ.

"ಇನ್ಮೇಲೆ ಮೇಜಿಗೆ ಹಚ್ಚಿ ಮೇಡಂ. ಮೇಜಿಗೆ ಫ್ಯಾನಿರಲ್ಲ," ಎಂದ ಪ್ರೇಮ್‌ಕುಮಾರ್.

ನಂಜುಂಡೇಶ ಮುಖ ಒರೆಸಿಕೊಂಡ. "ಸರಿ ಅಕ್ಕ. ನೆಲ ನೆಟ್ಟಗಾಯ್ತು. ನಾಳೆ ಕುಣಿ, ನೋಡಣ."

ರುದ್ರಾಣಿಯ ನಗು ಅಲ್ಲಿಗೆ ನಿಂತಿತು.

ಭಾನುವಾರ ಊಟ ಸೇರಲಿಲ್ಲ. ಫೋನನ್ನು ಸ್ಪೀಕರಿಗೆ ಹಾಕಿ ಕುರ್ಚಿಯ ತುದಿಯಲ್ಲಿ ಕೂತಳು. ನಯನ ಹಿಂದೆ ನಿಂತಳು. ಅರ್ಧ ಗಂಟೆ ಕಳೆಯಿತು, ನಲವತ್ತು ನಿಮಿಷವಾಯಿತು. ಗುಡ್ಡದ ಆಚೆಯಿಂದ ತಮ್ಮನ ಸೈನ್ಯ ಇರುವೆ ಸಾಲಿನಂತೆ ಇಳಿದು ಬಾಗಿಲನ್ನು ಮುತ್ತಿತು. ಅಭ್ಯಾಸಬಲದಿಂದ ರುದ್ರಾಣಿ ಮೌಸಿನಿಂದ ಕೈ ತೆಗೆದಳು. ಈಗ ನಿಲ್ಲುತ್ತದೆ. ಈಗ.

ನಿಲ್ಲಲಿಲ್ಲ. ಬಾಣಗಳು ಬಂದು ತಾಗಿದವು, ಕತ್ತಿಗಳು ಇಳಿದವು, ಬಾಗಿಲು ಅಲುಗಿತು. ಎಲ್ಲವೂ ಅವಳ ಕಣ್ಣೆದುರಿಗೇ.

ಆಗ ಅವಳಿಗೊಂದು ವಿಷಯ ಹೊಳೆಯಿತು: ತನಗೆ ಮಾಡಲು ಏನೂ ಕೆಲಸವಿಲ್ಲ! ಪರದೆ ಕೈಕೊಡುತ್ತದೆಂದು ಎರಡು ವರ್ಷದಿಂದ ಎಲ್ಲವನ್ನೂ ಮುಂಚೆಯೇ ಮಾಡಿಟ್ಟು ಕೂರುವುದು ರೂಢಿಯಾಗಿತ್ತು. ಧಾನ್ಯ ಮೂರು ಕಡೆ ಹಂಚಿತ್ತು. ಬಾಗಿಲ ಹಿಂದೆ ಇನ್ನೊಂದು ಗೋಡೆ ಎದ್ದಿತ್ತು. ಹೊಳೆಯ ದಂಡೆಯ ಕಾಡಿನಲ್ಲಿ ಇನ್ನೂರು ಕುದುರೆಗಳು ಕಾದಿದ್ದವು. ಅವುಗಳಿಗೆ ಹೊರಡಿ ಎಂದು ಹೇಳುವ ಗಳಿಗೆಗೇ ಎಲ್ಲ ನಿಂತುಹೋಗುತ್ತಿತ್ತು, ಅಷ್ಟೆ. ಇವತ್ತು ಎರಡು ಕೈಯೂ ಬಿಡುವಾಗಿದ್ದವು. ಹಾಗಾಗಿ ತಮ್ಮನ ಊರಿನ ಕಡೆ ಒಮ್ಮೆ ಕಣ್ಣು ಹಾಯಿಸಿದಳು.

ಅಲ್ಲಿ ಒಬ್ಬ ಕಾವಲುಗಾರನೂ ಇರಲಿಲ್ಲ. ಇಷ್ಟು ದಿನ ಅವನ ಮನೆ ಬಾಗಿಲಿಗೆ ಯಾರೂ ಹೋಗಿದ್ದೇ ಇಲ್ಲವಲ್ಲ! ಇದ್ದವರನ್ನೆಲ್ಲ ಅಕ್ಕನ ಬಾಗಿಲಿಗೇ ತಂದು ಸುರಿದಿದ್ದ.

ರುದ್ರಾಣಿ ಕುದುರೆಗಳನ್ನು ಹೊಳೆಯ ಗುಂಟ ಬಿಟ್ಟಳು.

"ಯಾಕಕ್ಕ ಸುಮ್ನಾದೆ? ಸ್ಟ್ರಕ್ ಆಯ್ತಾ?"

"ಇಲ್ಲಪ್ಪ. ನೋಡ್ತಾ ಕೂತಿದೀನಿ. ಚೆನ್ನಾಗಿದೆ."

ಸ್ವಲ್ಪ ಹೊತ್ತು ಬಿಟ್ಟು, "ಅಕ್ಕ, ನಮ್ ಕಡೆ ಏನೋ ಹೊಗೆ ಕಾಣ್ತಾ ಐತಲ್ಲ."

"ಅಡುಗೆ ಹೊತ್ತು. ಒಲೆ ಹಚ್ಚಿರ್ಬೇಕು ನೋಡು."

"ಅಕ್ಕ! ಬೇಡ ಕಣಕ್ಕ! ಕಾಳೆಲ್ಲ ಅದೊಂದೇ ಕಣಜದಲ್ಲಿರೋದು! ಅಕ್ಕೋ!"

ನಯನ ಕಿರುಚಿದ ಸದ್ದಿಗೆ, ಜಗಲಿಯಲ್ಲಿ ತೂಕಡಿಸುತ್ತಿದ್ದ ಅವಳ ತಂದೆ ಗಂಗಾಧರಸ್ವಾಮಿ ಗಾಬರಿಯಾಗಿ ಒಳಗೆ ಓಡಿಬಂದರು. "ಯಾರಿಗೇನಾಯ್ತು?"

"ತಿ. ನರಸೀಪುರ ನಮ್ದಾಯ್ತಪ್ಪ!"

ಅವರು ಹೆಂಡತಿಯ ಮುಖ ನೋಡಿದರು, ಮಗಳ ಮುಖ ನೋಡಿದರು, "ಕಾಫಿ ಮಾಡ್ತೀನಿ," ಎಂದು ಅಡುಗೆಮನೆಗೆ ಹೋದರು.

ಫೋನಿನಲ್ಲಿ ನಂಜುಂಡೇಶ ಗಂಟಲು ಸರಿಮಾಡಿಕೊಂಡ ಸದ್ದು.

"ಅಕ್ಕ, ಇನ್ನೊಂದಾಡಣ್ವಾ?"

ಎರಡು ವರ್ಷದಲ್ಲಿ ಈ ಮಾತನ್ನು ಅವನು ಒಮ್ಮೆಯೂ ಆಡಿರಲಿಲ್ಲ. ಆಡುತ್ತಿದ್ದವಳು ಯಾವಾಗಲೂ ಇವಳೇ. ರುದ್ರಾಣಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ನಿಧಾನವಾಗಿ ಮತ್ತೆ ಹಾಕಿಕೊಂಡಳು.

"ಆಡಣ ಬಾ," ಎಂದಳು. "ಈ ಸಲ ಮನೆ ಕಾಯಕ್ಕೂ ನಾಕು ಜನಾನ್ನ ಬಿಟ್ ಬಾ."