ಹನ್ನೆರಡು ಸೆಕೆಂಡು

ಧ್ವನಿ ಹಿಡಿಯುವ ಡಬ್ಬಿಯ ಹಸಿರು ದೀಪ ಮಿನುಗುವುದನ್ನು ಬಿಟ್ಟು ಹಾಗೇ ನಿಂತುಬಿಟ್ಟಿತು. ಗೌತಮಿ ಗುಂಡಿ ಒತ್ತಿದಳು. ಮತ್ತೊಮ್ಮೆ, ಜೋರಾಗಿ ಒತ್ತಿದಳು. ಏನೂ ಆಗಲಿಲ್ಲ.

"ಯಾಕ ತಂಗಿ, ಸತ್ತಿತೇನು ನಿನ್ನ ಅಡಕಿ ಡಬ್ಬಿ?" ಕಟ್ಟೆಯ ಮೇಲೆ ಕೂತಿದ್ದ ಸತ್ಯವ್ವ ಬಗ್ಗಿ ನೋಡಿದಳು.

"ಸತ್ತಿಲ್ಲ ಆಯಿ, ನಿಂತದ."

"ಹ್ವಾದ ವಾರನೂ ಹಿಂಗ ನಿಂತಿತ್ತು. ಕುರಿ ಹಟಾ ಹಿಡದು ನಿಂತ್ರ ಕಿವಿ ಹಿಂಡ್ತೀವಿ. ಇದಕ್ಕ ಕಿವೀನೂ ಇಲ್ಲ." ಅಷ್ಟು ಹೇಳುವುದರಲ್ಲಿ ಅವಳಿಗೆ ಕೆಮ್ಮು ಬಂತು. ಕೆಮ್ಮಿ, ನೀರು ಕುಡಿದು, ಕೈಯಾಡಿಸಿದಳು. ಇವತ್ತಿಗೆ ಮುಗಿಯಿತು ಎಂದು ಅದರ ಅರ್ಥ. ಆ ಗಂಟಲಿಗೆ ದಿನಕ್ಕೆ ಒಂದೇ ಸಲ ಕಥೆ ಹೇಳುವಷ್ಟು ಶಕ್ತಿ ಉಳಿದಿತ್ತು. ಕಡಿದ ಕಥೆಯನ್ನು ನಡುವಿನಿಂದ ಎತ್ತಬಾರದು, ಮೊದಲಿನಿಂದಲೇ ಹೇಳಬೇಕು ಎನ್ನುವುದು ಅವಳ ಕಟ್ಟುನಿಟ್ಟು. ಬರುವ ಸೋಮವಾರ ಬಾಗಲಕೋಟೆಯ ದವಾಖಾನೆಯಲ್ಲಿ ಆ ಗಂಟಲಿಗೇ ಆಪರೇಷನ್. ಗಂಟು ತೆಗೆದ ಮೇಲೆ ದನಿ ಹೀಗೇ ಉಳಿಯುತ್ತದೆಂದು ಡಾಕ್ಟರು ಮಾತು ಕೊಟ್ಟಿರಲಿಲ್ಲ.

ಪಟ್ಟದಕಲ್ಲಿನಾಚೆ, ಮಲಪ್ರಭೆಯ ದಂಡೆಯ ಈ ಮನೆಗೆ ಗೌತಮಿ ಬಾದಾಮಿಯಿಂದ ಬಂದದ್ದು ಒಂದೇ ಒಂದು ಕಥೆಗಾಗಿ. ಕಳೆದುಹೋದ ಮರಿಯನ್ನು ಹುಡುಕಿಕೊಂಡು ಕುರಿ ಕಾಯುವ ಹುಡುಗಿಯೊಬ್ಬಳು ಹೊಳೆಗೆ ಇಳಿಯುವ ಕಥೆ. ಒಳಗೆ ಬಿಡಬೇಕಾದರೆ ನಿನ್ನ ನೆರಳನ್ನು ದಂಡೆಯ ಮೇಲೆ ಇಟ್ಟು ಬಾ ಎನ್ನುತ್ತದೆ ಹೊಳೆ. ವಾರಕ್ಕೊಮ್ಮೆ ಬಾದಾಮಿಗೆ ಬೆಣ್ಣೆ ತರುತ್ತಿದ್ದ ಸತ್ಯವ್ವ ಇದನ್ನು ಗೌತಮಿಯ ಅಜ್ಜಿ ಕುಮುದಿನಿಬಾಯಿಗೆ ಹೇಳಿದ್ದಳು. ಅಜ್ಜಿ ಮೊಮ್ಮಗಳಿಗೆ ಹೇಳಿದ್ದಳು, ಎಷ್ಟು ಸಲವೆಂದು ಲೆಕ್ಕವಿಲ್ಲ. ಹುಡುಗಿ ಹೊಳೆಯ ಪಾವಟಿಗೆ, ಆ ಕಲ್ಲುಮೆಟ್ಟಿಲು, ಇಳಿಯುವ ಹೊತ್ತಿಗೆ ಗೌತಮಿಗೆ ನಿದ್ದೆ ಹತ್ತಿಬಿಡುತ್ತಿತ್ತು. ಅಜ್ಜಿ ತೀರಿಕೊಂಡು ನಾಲ್ಕು ವರ್ಷವಾಯಿತು. ಹೊಳೆಯ ತಳದಲ್ಲಿ ಏನಿತ್ತೆಂದು ಗೌತಮಿಗೆ ಇನ್ನೂ ಗೊತ್ತಿಲ್ಲ.

ಫೋನಿನಲ್ಲಿ ಹಿಡಿಯೋಣವೆಂದರೆ ಸತ್ಯವ್ವ ಒಪ್ಪುವವಳಲ್ಲ. ಹೋದ ವರ್ಷ ಯಾರೋ ಅವಳು ಹಾಡುವುದನ್ನು ಫೋನಿನಲ್ಲಿ ತೆಗೆದು ಊರೆಲ್ಲ ತೋರಿಸಿ ನಕ್ಕಿದ್ದರು. ಈ ಡಬ್ಬಿಗೆ ಮಾತ್ರ ಅಡಕಿ ಡಬ್ಬಿಯ ಆಕಾರವಿದ್ದುದರಿಂದ ಮಾಫಿ ಸಿಕ್ಕಿತ್ತು.

ಡಬ್ಬಿ ಗೌತಮಿಯ ಕಂಪನಿಯದೇ. ಬಾಗಲಕೋಟೆಯಲ್ಲಿ ಏಳು ಜನ ಕೂತು ನಡೆಸುವ ಕಂಪನಿ. ದನಿ ಹಿಡಿಯುವ ಚಿಪ್ಪಿಗೂ, ಯಂತ್ರದ ಒಳಗೆ ಎಲ್ಲರಿಗೂ ಸರದಿ ಹಚ್ಚುವ ಕರ್ನಲ್ ಎಂಬ ಮೂಲ ತಂತ್ರಾಂಶಕ್ಕೂ ನಡುವೆ ಮಾತು ಸಾಗಿಸುವ ಡ್ರೈವರ್ ಎಂಬ ಪ್ರೋಗ್ರಾಮನ್ನು ಬರೆಯುವುದು ಅವಳ ಕೆಲಸ. ಜೊತೆಗಾರ ಬಿಲಾಲ.

"ಏ ಗೌತಮಿ, ಮತ್ತ ಕೂತಿತೇನು ಡಬ್ಬಿ?" ಸಂಜೆ ಫೋನಿನಲ್ಲಿ ಬಿಲಾಲ ನಕ್ಕ. "ಸ್ಪಿನ್‌ಲಾಕ್ ತಗದು ಮ್ಯೂಟೆಕ್ಸ್ ಹಾಕೀಯಲ್ಲ?"

ಹಾಕಿದ್ದಳು. ಮೊದಲ ಸಲ ಡಬ್ಬಿ ನಿಂತಾಗ ದಾಖಲೆಯಲ್ಲಿ ಒಂದು ಸಾಲು ಸಿಕ್ಕಿತ್ತು: ಮಲಗಬಾರದ ಜಾಗದಲ್ಲಿ ಯಾರೋ ಮಲಗಿದ್ದಾರೆ. ಮಲಗುವುದೆಂದರೆ ಪ್ರೋಗ್ರಾಮಿನ ಒಂದು ಭಾಗ ಕೆಲಸ ನಿಲ್ಲಿಸಿ ಉತ್ತರಕ್ಕಾಗಿ ಕಾಯುವುದು. ಸ್ಪಿನ್‌ಲಾಕ್ ಎಂಬ ಬೀಗ ಹಿಡಿದವರು ಕೆಲಸ ಮುಗಿಸಿ ಬಿಡುವತನಕ ಕಣ್ಣು ಮುಚ್ಚುವಂತಿಲ್ಲ. ಯಾಕೆಂದರೆ ಅದಕ್ಕಾಗಿ ಕಾಯುವವರು ಬಾಗಿಲ ಮುಂದೆ ಗರಗರ ಸುತ್ತುತ್ತಲೇ ಇರುತ್ತಾರೆ, ಬೇರೆ ಯಾರಿಗೂ ಕೆಲಸ ಮಾಡಗೊಡುವುದಿಲ್ಲ. ಅವಳ ಡ್ರೈವರು ಆ ಬೀಗ ಹಿಡಿದುಕೊಂಡೇ ನಿಧಾನದ ತಂತಿಯಲ್ಲಿ ಚಿಪ್ಪಿಗೆ ಅಪ್ಪಣೆ ಬರೆದು, ಉತ್ತರ ಬರುವತನಕ ಮಲಗುತ್ತಿತ್ತು. ಮಲಗಲು ಅವಕಾಶವಿರುವ ಮ್ಯೂಟೆಕ್ಸ್ ಎಂಬ ಬೀಗವನ್ನು ಅಲ್ಲಿ ಹಾಕಿದ್ದಳು. ಮನೆಯಲ್ಲಿ ಎರಡು ತಾಸು ಡಬ್ಬಿ ಚೆಂದ ನಡೆದಿತ್ತು.

"ನಮ್ಮ ಮನ್ಯಾಗ ನಡೀತದ, ಆಯಿ ಮುಂದ ನಿಲ್ಲತದ."

"ಆಯಿ ಏನರೆ ಮಂತ್ರಾ ಹಾಕ್ಯಾಳೇನು ನೋಡು."

ಗೌತಮಿ ಎರಡೂ ದಿನದ ಅರ್ಧಮರ್ಧ ಧ್ವನಿಗಳನ್ನು ಮತ್ತೆ ಮತ್ತೆ ಕೇಳಿದಳು. ಎರಡೂ ಕಡೆ ಕೊನೆಗೆ ಇದ್ದದ್ದು ಮೌನ. ಸತ್ಯವ್ವ ಒಂದು ಮಾತು ಹೇಳಿ ನಿಲ್ಲುತ್ತಾಳೆ. ದೂರದಲ್ಲಿ ಆಡೊಂದು ಕೂಗಿ ಸುಮ್ಮನಾಗುತ್ತದೆ. ಹನ್ನೆರಡು ಸೆಕೆಂಡು. ಆಮೇಲೆ ಏನೂ ಇಲ್ಲ.

ಮೂರನೆಯ ಸಲ ಕೇಳುವಾಗ ಅವಳಿಗೆ ಹೊಳೆಯಿತು. ಸತ್ಯವ್ವ ನಿಂತದ್ದಲ್ಲ, ಕಾಯುತ್ತಿದ್ದಳು. ಹೇಳುವವರು ಒಂದು ಮಾತು ಹೇಳಿದರೆ ಕೇಳುವವರು ಹ್ಞೂಂ ಅನ್ನಬೇಕು. "ಹ್ಞೂಂ ಅನ್ನವಾ, ಇಲ್ಲಾಂದ್ರ ಕಥಿಗೆ ಮುಂದಿನ ದಾರಿ ಕಾಣಂಗಿಲ್ಲ," ಎಂದು ಅಜ್ಜಿ ಹೊದ್ದ ಕೌದಿಯೊಳಗೆ ಎಷ್ಟು ಸಲ ಚಿವುಟಿರಲಿಲ್ಲ! ಆ ಕೌದಿಯ ಸೀಗೆಪುಡಿಯ ವಾಸನೆ ಒಮ್ಮೆಲೇ ಮೂಗಿಗೆ ಬಂದಂತಾಯಿತು. ಆದರೆ ಆ ಎರಡೂ ದಿನ ತಾನು, ಧ್ವನಿ ಶುದ್ಧವಾಗಿ ಬರಲೆಂದು, ಓಢಣಿಯ ಚುಂಗು ಕಚ್ಚಿಕೊಂಡು ಸುಮ್ಮನೆ ಕೂತಿದ್ದಳು.

ಮನೆಯಲ್ಲಿ ಡಬ್ಬಿಯ ಮುಂದೆ ಅಮ್ಮನ ಮಾತು, ಕುಕ್ಕರಿನ ಸೀಟಿ, ಟೀವಿ ಯಾವುದೂ ನಿಂತಿರಲಿಲ್ಲ. ಹನ್ನೆರಡು ಸೆಕೆಂಡು ಏನೂ ಕೇಳಿಸದಿದ್ದರೆ ಚಿಪ್ಪು ತಾನೇ ಕರ್ನಲ್ಲಿನ ಬಾಗಿಲು ಬಡಿಯುತ್ತದೆ: ಸದ್ದಿಲ್ಲ, ಮತ್ತೆ ಸದ್ದು ಬರುವತನಕ ಧ್ವನಿ ಹಿಡಿಯುವುದನ್ನು ನಿಲ್ಲಿಸಲೇ? ಹಾಗೆ ಬಾಗಿಲು ಬಡಿದ ಗಳಿಗೆಯಲ್ಲಿ ಓಗೊಡುವವರು ನಿಂತ ಕಾಲ ಮೇಲೆ ಉತ್ತರಿಸಬೇಕು. ಅಲ್ಲಿ ಯಾವ ಬೀಗವಿದ್ದರೂ ಮಲಗುವಂತೆಯೇ ಇಲ್ಲ. ಅವಳ ಮ್ಯೂಟೆಕ್ಸು ಅಲ್ಲಿಯೂ ಮಲಗಿತ್ತು.

"ಇಷ್ಟ ಏನು?" ಫೋನಿನಲ್ಲಿ ಇದನ್ನು ಕೇಳಿ ಬಿಲಾಲ ಅಂದ. "ಡ್ರೈವರ್ ಮುಟ್ಟಾಕ ಹೋಗಬ್ಯಾಡ. ನೀ ಹ್ಞೂಂ ಅನ್ಕೋತ ಕೂಡು, ಮುಗೀತು."

"ನಾ ಅಂತೇನಿ. ಆದ್ರ ಆಯಿಗೆ ಕೆಮ್ಮು ಬಂದು, ದಮ್ಮು ಹಿಡಕೊಂಡು ಕೂತ್ರ? ಇನ್ನೊಮ್ಮೆ ಮೊದಲಿಂದ ಹೇಳಂತ ಹೆಂಗ ಅನ್ನಲಿ?"

ಬಿಲಾಲ ನಗಲಿಲ್ಲ. "ಹಂಗಾದ್ರ ಬಾಗಿಲಾಗ ಏನೂ ಮಾಡಿಸಬ್ಯಾಡ. ಚೀಟಿ ಬರದಿಟ್ಟು ಕಳಸು. ಒಳಗಿನ ಆಳು ಸಾವಕಾಶ ಮಾಡ್ಲಿ."

ಮೂರು ದಿನ ಅದೇ ಆಯಿತು. ಬಾಗಿಲಿಗೆ ಓಗೊಡುವ ಭಾಗಕ್ಕೆ ಗುರುತಿಟ್ಟು ಹೊರಡುವ ಕೆಲಸ ಮಾತ್ರ. ತಂತಿಯಲ್ಲಿ ಬರೆಯುವ ನಿಧಾನದ ಕೆಲಸವೆಲ್ಲ ಬೇಕಾದರೆ ಮಲಗಿ ಏಳಬಲ್ಲ ಬೇರೊಬ್ಬ ಆಳಿಗೆ. ಇಂಥ ತಪ್ಪುಗಳನ್ನು ಹಿಡಿದು ಕೂಗುವ ಕರ್ನಲ್ಲಿನ ಪಹರೆಯನ್ನು ಚಾಲೂ ಮಾಡಿ, ಅಟ್ಟದ ಕೋಣೆಯ ಕದವಿಕ್ಕಿಕೊಂಡು, ಗೌತಮಿ ಉಸಿರು ಬಿಗಿಹಿಡಿದು ಎಣಿಸಿದಳು. ಹನ್ನೊಂದು, ಹನ್ನೆರಡು. ಸದ್ದಿಗಾಗಿ ಕಾಯುವ ಗುರುತಾಗಿ ದೀಪ ಹಳದಿಯಾಯಿತು. ಅವಳು ಕೆಮ್ಮಿದಳು. ಹಸಿರಾಯಿತು, ಮಿನುಗತೊಡಗಿತು. ಪಹರೆ ಕೂಗಲಿಲ್ಲ. ಅದನ್ನೇ ನೂರಾ ಎಂಟು ಸಲ ಮಾಡಿದಳು. "ಅಟ್ಟದಾಗ ಜಪಾ ಮಾಡ್ಲಿಕ್ಕೆ ಹತ್ತೀಯೇನು?" ಎಂದು ಅಮ್ಮ ಕೆಳಗಿನಿಂದ ಕೂಗಿದಳು.

ರವಿವಾರ ಮಧ್ಯಾಹ್ನ ಸತ್ಯವ್ವ ಮೊದಲಿನಿಂದ ಎತ್ತಿದಳು. ಗೌತಮಿ ಹ್ಞೂಂ ಅಂದಳು. ಮೊದಲ ಹ್ಞೂಂಗೇ ಸತ್ಯವ್ವನ ಮುಖ ಅರಳಿತು.

"ಈಗ ಹಾದಿಗೆ ಬಂದಿ ನೋಡು. ಅವತ್ತ ಗ್ವಾಡಿಗೆ ಕಥಿ ಹೇಳಿದಂಗ ಆಗಿತ್ತು ನನಗ."

ಮರಿ ಕಳೆಯಿತು, ಹುಡುಗಿ ಅಲೆದಳು. ನಡುವೆ ಒಮ್ಮೆ ಕೆಮ್ಮು ಹತ್ತಿ ಸತ್ಯವ್ವ ಸೆರಗಿನಿಂದ ಬಾಯಿ ಮುಚ್ಚಿ, ಕಣ್ಣು ಮುಚ್ಚಿ, ಬಹಳ ಹೊತ್ತು ಕೂತಳು. ದೀಪ ಹಳದಿಯಾಯಿತು. ಗೌತಮಿ ಅದನ್ನು ನೋಡಲಾರದೆ ಸತ್ಯವ್ವನ ಪಾದಗಳನ್ನು ನೋಡುತ್ತ ಕೂತಳು. "ಆಗ ಹೊಳಿ ಏನಂತು..." ಎಂದು ದನಿ ಎದ್ದದ್ದೇ ದೀಪ ಮತ್ತೆ ಹಸಿರಾಗಿ ಮಿನುಗಿತು.

"ನೆರಳು ದಂಡಿ ಮ್ಯಾಲ ಇಟ್ಟು ಹುಡಿಗಿ ಪಾವಟಿಗಿ ಇಳದ್ಲು."

"ಹ್ಞೂಂ... ಆಯಿ, ಅಜ್ಜಿ ಕಥಿಯಾಗ ಇಲ್ಲಿಗೆ ಬರೂದ್ರಾಗ ನಂಗ ನಿದ್ದಿ ಬಂದಿರ್ತಿತ್ತು. ಒಂದಿನಾನೂ ಮುಂದಿಂದು ಕೇಳಿಲ್ಲ."

ಸತ್ಯವ್ವ ಗಂಟಲು ಹಿಡಿದುಕೊಂಡು ನಕ್ಕಳು. "ನಿದ್ದಿ ಬಂದದ್ದ ಚಲೋ ಆತು. ನಿಮ್ಮಜ್ಜಿ ಬಾಯಾರಿಗೆ ಮುಂದಿಂದು ಎಲ್ಲಿ ಗೊತ್ತಿತ್ತು?"

"ಅಂದ್ರ?"

"ಬೆಣ್ಣಿ ಹಾಕಿ, ಚಾ ಕುಡದು ಸುರು ಮಾಡ್ತಿದ್ನಿ. ಹುಡಿಗಿ ಹೊಳ್ಯಾಗ ಇಳಿಯೂದ್ರಾಗ ನಮ್ಮ ಬಸ್ಸು ಬಂದ ಬಿಡ್ತಿತ್ತು. ಮುಂದಿನ ವಾರ ಮತ್ತ ಮೊದಲಿಂದ. ಎಷ್ಟ ವರ್ಷ ಕೇಳಿದ್ರು ಪಾಪ. 'ಸತ್ಯವ್ವಾ, ಇನ್ನೊಮ್ಮೆ ಲಗೂ ಬಾ' ಅಂತಿದ್ರು. ನಾನೂ ಹೂಂ ಅಂತಿದ್ನಿ."

ಗೌತಮಿಗೆ ಈಗ ನೆನಪಾಯಿತು. ಹೊಳೆಯ ಪಾವಟಿಗೆ ಬರುತ್ತಲೇ ಅಜ್ಜಿಯ ದನಿ ಸಣ್ಣಗಾಗುತ್ತ ಹೋಗುತ್ತಿತ್ತು. ಬೆನ್ನು ತಟ್ಟುವ ಕೈ ಮಾತ್ರ ಜೋರಾಗುತ್ತಿತ್ತು.

ತಿರುವಿನಲ್ಲಿ ಹಾರ್ನ್ ಕೇಳಿಸಿತು.

"ಏಳ ತಂಗಿ, ನಿನ್ನ ಬಸ್ಸು. ಇದರ ಮ್ಯಾಲ ಬಾದಾಮಿಗೆ ಇನ್ನೊಂದಿಲ್ಲ."

"ಹೋಗ್ಲಿ ಬಿಡು ಆಯಿ."

ಸತ್ಯವ್ವ ಅವಳ ಮುಖವನ್ನೊಮ್ಮೆ ನೋಡಿ, ತಂಬಿಗೆಯಿಂದ ಒಂದು ಗುಟುಕು ನೀರು ಕುಡಿದು, ಕಾಲು ಮಡಚಿ ಗೋಡೆಗೆ ಒರಗಿದಳು. ಬಸ್ಸು ಅರೆಗಳಿಗೆ ನಿಂತು ಹೊರಟಿತು. ಅದು ಎಬ್ಬಿಸಿದ ಧೂಳು ಸಂಜೆಯ ಬಿಸಿಲಲ್ಲಿ ಕಟ್ಟೆಯವರೆಗೂ ತೇಲಿಬಂದು, ಇಬ್ಬರ ಮಡಿಲ ಮೇಲೂ ನಿಧಾನವಾಗಿ ಇಳಿಯತೊಡಗಿತು.